ಬಿಳೇಬಯಲಿನ ಬಾಗಿನ

ಹಕ್ಕಿಗಳಿಗೆ ಯಾರು ಹೇಳಿದರೋ ಏನೋ. ಬಿಳೇಬಯಲಿಗೆ ನೀರು ಬಂದ ಸುದ್ದಿ ಪಕ್ಕದ ಉಪ್ಪಿನಾಳದ ಜನಕ್ಕೇ ಇನ್ನೂ ಸರಿಯಾಗಿ ಮುಟ್ಟಿರಲಿಲ್ಲ, ಅಷ್ಟರಲ್ಲಿ ಎಲ್ಲೋ ಸಮುದ್ರದ ದಂಡೆಯಲ್ಲಿ ಒಂಟಿಕಾಲಿನ ಮೇಲೆ ನಿಂತಿದ್ದ ರಾಜಹಂಸಗಳಿಗೆ ಮುಟ್ಟಿತ್ತು. ದೂರದ ಮಳೆಯ ಗುಡುಗನ್ನು, ನಮ್ಮ ಕಿವಿಗೆ ನಿಲುಕದಷ್ಟು ತಗ್ಗಿನ ದನಿಯಲ್ಲಿ, ಅವು ಕೇಳಿಸಿಕೊಳ್ಳುತ್ತವೆ ಎಂದು ಕೆಲವು ವಿಜ್ಞಾನಿಗಳು ಹೇಳುತ್ತಾರೆ. ಅಲ್ಲ, ಗಾಳಿಯ ಒತ್ತಡ ಇಳಿದದ್ದು ಅವುಗಳಿಗೆ ತಿಳಿಯುತ್ತದೆ ಎಂದು ಇನ್ನು ಕೆಲವರು. ಏನೇ ಇರಲಿ, ಸರ್ಕಾರದ ಸುತ್ತೋಲೆಗಿಂತ ಬೇಗ ಸುದ್ದಿ ಮುಟ್ಟಿಸುವ ಏರ್ಪಾಡು ಅವುಗಳಲ್ಲಿದೆ. ಒಂದು ಬೆಳಿಗ್ಗೆ ನೀರಿನ ಇಲಾಖೆಯ ನಿಯಂತ್ರಣ ಕೊಠಡಿಯ ದೊಡ್ಡ ಪರದೆಯ ಮೇಲೆ, ಬಿಳೇಬಯಲಿನ ನಡುಗಡ್ಡೆಯಲ್ಲಿ ಒಂದು ನಸುಗೆಂಪು ಗೆರೆ ಕಾಣಿಸಿತು. ಪಕ್ಕದಲ್ಲಿ ಭಗೀರಥ ತನ್ನ ಷರಾ ಬರೆದಿದ್ದ: "ಕಸ."

ಪರದೆಯ ಮುಂದೆ ಕೂತಿದ್ದ ಎಂಜಿನಿಯರ್ ಪಂಪಾವತಿ ಚಿತ್ರವನ್ನು ಹಿಗ್ಗಿಸಿ ನೋಡಿದಳು. ಕಸಕ್ಕೆ ಕತ್ತು ಇತ್ತು. ಉದ್ದನೆಯ ಕಾಲುಗಳೂ ಇದ್ದವು.

ಈ ಸೀಮೆಯ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಎರಡು ನದಿಗಳ ನಡುವಿನ ಈ ನೆಲ ಒಂದು ಕಾಲಕ್ಕೆ ಭತ್ತದ ಕಣಜವಾಗಿತ್ತು. ಅಜ್ಜ ಮುತ್ತಜ್ಜಂದಿರು ಕಾಲುವೆಯ ನೀರು ಕುಡಿಸಿ ಕುಡಿಸಿ ಅದರ ಹೊಟ್ಟೆ ಕೆಡಿಸಿದರು. ಆಳದಲ್ಲಿದ್ದ ಉಪ್ಪು ನೀರಿನ ಬೆನ್ನು ಹತ್ತಿ ಮೇಲೆ ಬಂತು, ಸವಳು ಹಬ್ಬಿತು, ಆಮೇಲೆ ಮಳೆಯೂ ಮುನಿಸಿಕೊಂಡಿತು. ಈಗ ಊರು ಬಿಟ್ಟು ಹೊರಗೆ ಕಾಲಿಟ್ಟರೆ ಕಣ್ಣು ಹಾಯುವವರೆಗೂ ಬಿಳಿ ಮರುಭೂಮಿ. ಅದರ ತಗ್ಗಿನ ಭಾಗವೇ ಬಿಳೇಬಯಲು. ಪಂಪಾವತಿ ಹುಟ್ಟಿದ ಮೇಲೆ ಅಲ್ಲಿ ನೀರು ನಿಂತದ್ದನ್ನು ಕಂಡವರಿರಲಿಲ್ಲ. ಈ ವರ್ಷ ಯಾವುದೋ ಚಂಡಮಾರುತ ದಾರಿ ತಪ್ಪಿ ಇತ್ತ ಬಂತು. ನಿಲ್ಲದೆ ಸುರಿಯಿತು, ಬಯಲು ತುಂಬಿ ಸಮುದ್ರವಾಯಿತು.

ಇನ್ನು ಭಗೀರಥ. ಅದು ಮನುಷ್ಯನಲ್ಲ, ಯಂತ್ರ. ಇಡೀ ಸೀಮೆಯ ನೀರಿಗೆ ಯಜಮಾನ. ಆಕಾಶದಲ್ಲಿ ಅದಕ್ಕೊಂದು ಕಣ್ಣು, ಬಯಲಿನ ಗೋಪುರಗಳ ಮೇಲೆ ಹಲವು ಕಣ್ಣು. ಎಲ್ಲಿ ನೀರು ನಿಂತರೂ ಅದಕ್ಕೆ ಗೊತ್ತಾಗುತ್ತದೆ. ಬಳಸುವವರಿದ್ದರೆ ಬಿಡುತ್ತದೆ, ಇಲ್ಲದಿದ್ದರೆ "ಪೋಲು ನೀರು" ಎಂದು ಷರಾ ಬರೆಯುತ್ತದೆ. ಆಗ ಬಿಳೇಬಯಲಿನ ಸುತ್ತ ಕೊರೆದ ಇಂಗುಬಾವಿಗಳ ಮುಚ್ಚಳ ತಾನಾಗಿ ತೆರೆದುಕೊಂಡು ನೀರೆಲ್ಲ ಬಂಡೆಯ ಸಂದುಗಳಿಗೆ ಇಳಿಯುತ್ತದೆ. ಬಿಸಿಲು ಕುಡಿದುಬಿಡುವ ನೀರನ್ನು ಹೀಗೆ ಪಾತಾಳದಲ್ಲಿ ಬಚ್ಚಿಟ್ಟು, ಮುಂದೆ ಮೇಲೆತ್ತಿ, ಉಪ್ಪು ತೆಗೆದು, ಅಳತೆಯಿಟ್ಟು ನಲ್ಲಿಗೆ ಬಿಡುವುದು ಲೆಕ್ಕಾಚಾರ. ಪುರಾಣದ ಭಗೀರಥ ಗಂಗೆಯನ್ನು ಮೇಲಿನಿಂದ ಇಳಿಸಿದ, ಇವನು ಇನ್ನೊಂದು ಅಂತಸ್ತು ಕೆಳಗಿಳಿಸುತ್ತಾನೆ.

ಒಂದೇ ಒಂದು ಕಾರಣಕ್ಕೆ ಅವನು ಕಾಯುತ್ತಾನೆ. ಕೆಸರುನೀರು ಹೋದರೆ ಬಾವಿಗಳು ಕಟ್ಟಿಕೊಳ್ಳುತ್ತವೆ. ಹೂಳು ಕೂತು ನೀರು ತಿಳಿಯಾಗಬೇಕು. ಪಂಪಾವತಿ ಅಂದಾಜು ನೋಡಿದಳು: ದೀಪಾವಳಿಯ ಆಸುಪಾಸಿಗೆ ಮುಚ್ಚಳ ತೆರೆಯುತ್ತದೆ. ಹಂಸಗಳು ಈಗಷ್ಟೇ ಕೆಸರು ಗುಡ್ಡೆ ಹಾಕಿ ಗೂಡು ಕಟ್ಟುತ್ತಿವೆ. ಮೊಟ್ಟೆ ಒಡೆದು, ಮರಿ ಬೆಳೆದು, ರೆಕ್ಕೆ ಬಲಿಯಲು ಸಂಕ್ರಾಂತಿಯಾದರೂ ದಾಟಬೇಕು. ನೀರು ಇಳಿದರೆ ನಡುಗಡ್ಡೆ ದಂಡೆಗೆ ಕೂಡಿಕೊಳ್ಳುತ್ತದೆ, ನಾಯಿ ನರಿ ನಡೆದೇ ಬರುತ್ತವೆ. ಮರಿಗಳಿಗೆ ಓಡಲು ನೀರೂ ಇರುವುದಿಲ್ಲ.

ಅವಳು ಇಂಗುಬಾವಿಗಳನ್ನು ನಂಬಿ ಬದುಕಿದವಳು. ಆ ಕೆಲಸಕ್ಕೇ ಓದಿದವಳು, ಅದರ ಸಂಬಳದಲ್ಲೇ ಮನೆ ನಡೆಸುವವಳು. ಕಾಲೇಜಿನಲ್ಲಿ "ಪಂಪು ನಡೆಸೋ ಪಂಪಾವತಿ" ಎಂದು ಗೇಲಿ ಮಾಡಿಸಿಕೊಂಡು ನಕ್ಕವಳು. ಆದರೆ ಆವತ್ತು ಪರದೆಯಲ್ಲಿ ಒಂದು ಹಂಸ ಕೊಕ್ಕಿನಿಂದ ಕೆಸರು ಎತ್ತಿ ಎತ್ತಿ ಕಾಲ ಬುಡಕ್ಕೆ ಹಾಕಿಕೊಳ್ಳುವುದನ್ನು ನೋಡುತ್ತ ಕುಳಿತವಳಿಗೆ, ತಾನೇ ಅದರ ಕಾಲಡಿಯ ನೆಲ ಕಿತ್ತುಕೊಳ್ಳುತ್ತಿದ್ದೇನೆ ಅನ್ನಿಸಿತು. ಅದು ಮನಸ್ಸಿಗೆ ಹತ್ತಿದ್ದು ಬಿಡಲಿಲ್ಲ.

ಮುಖ್ಯ ಎಂಜಿನಿಯರ್ ಖಾಜಾಹುಸೇನ್ ಸಾಹೇಬರ ಕೋಣೆಗೆ ಹೋದಳು. ನಿವೃತ್ತಿಯ ಅಂಚಿನಲ್ಲಿದ್ದ ಒಳ್ಳೆಯ ಮನುಷ್ಯ. ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು.

"ನಾ ಏನ್ ಹಕ್ಕಿ ವೈರಿ ಏನವ್ವಾ? ಆದ್ರ ನನ್ನ ಕೈಯಾಗ ಏನೈತಿ ಹೇಳು. ಭಗೀರಥನ್ನ ನಿಲ್ಲಸೋ ಗುಂಡಿ ಇಲ್ಲ. ಇಲ್ಲಂದ್ರ ಇಲ್ಲ."

"ಇಷ್ಟ್ ದೊಡ್ಡ ಯಂತ್ರಕ್ಕ ಒಂದು ಗುಂಡಿ ಇಡಲಿಲ್ಲೇನ್ರೀ ಸರ್?"

"ಇಡಬ್ಯಾಡ್ರಿ ಅಂತ ಹಟ ಹಿಡದು ಕುಂತವ್ರು ಯಾರು? ನಿಮ್ಮ ಮಾವನ್ನ ಕೇಳು. ಈಗ ಅಂವ ಇಲ್ಲಲ್ಲ, ನಿಮ್ಮ ಅತ್ತೀನ್ನ ಕೇಳು."

ಅದು ನಿಜವಾಗಿತ್ತು. ಕಾಲುವೆ ಇದ್ದ ಕಾಲದಲ್ಲಿ ಅವಳ ಮಾವ ದುರುಗಪ್ಪ ಕೊನೆ ಭಾಗದ ರೈತ. ಮೇಲಿನವರು ನೀರೆಲ್ಲ ತಿರುಗಿಸಿಕೊಂಡು ಕೊನೆಯವರ ಹೊಲಕ್ಕೆ ಹಸಿ ಮಣ್ಣಿನ ವಾಸನೆ ಮಾತ್ರ ಬಿಡುತ್ತಿದ್ದರು. ಯಾವ ಅಧಿಕಾರಿ ಬಂದರೂ ಒಂದು ಫೋನು ಬಂದರೆ ಗೇಟು ಅತ್ತ ತಿರುಗುತ್ತಿತ್ತು. ಹಾಗಾಗಿ ಭಗೀರಥ ಬರುವಾಗ ಕೊನೆ ಭಾಗದವರು ಧರಣಿ ಕೂತು ಒಂದೇ ಬೇಡಿಕೆ ಇಟ್ಟರು: "ಫೋನ್ ನಂಬರ್ ಇಲ್ಲದ ಸಾಹೇಬ ಬೇಕು." ಯಾರ ವಶೀಲಿಯೂ ನಡೆಯಬಾರದು, ಯಾರ ಮಾತೂ ಮುಟ್ಟಬಾರದು. ಕಣ್ಣು ಇರಲಿ, ಕಿವಿ ಬೇಡ. ಕಿವಿ ಇದ್ದರೆ ಊದುವವರು ಇದ್ದೇ ಇರುತ್ತಾರೆ. ಅವರು ಕೇಳಿದಂಥ ಸಾಹೇಬನೇ ಸಿಕ್ಕಿದ. ಈಗ ಅವನ ಮುಂದೆ ಬಾಯಿ ಬಡಿದುಕೊಂಡರೂ ಅಷ್ಟೇ, ಗೋಡೆಯ ಮುಂದೆ ಬಡಿದುಕೊಂಡರೂ ಅಷ್ಟೇ.

ಆದರೂ ಪಂಪಾವತಿ ಸುಮ್ಮನಾಗಲಿಲ್ಲ. ರಾಜಧಾನಿಯ ಮಂಡಳಿಗೆ ಕರೆ ಮಾಡಿದಳು. ಅವರು ಅರಣ್ಯ ಇಲಾಖೆಯವರನ್ನು ಕೇಳಿ ಅಂದರು. ಅರಣ್ಯದವರು, ಅಲ್ಲಿ ಮರವೇ ಇಲ್ಲ, ನಮಗೆ ಹೇಗೆ ಬರುತ್ತದೆ ಅಂದರು. ಹಕ್ಕಿಗಳನ್ನೇ ನೀರಿನ ಬಳಕೆದಾರರೆಂದು ಬರೆಸಲು ನೋಡಿದಳು. ಬಳಕೆದಾರರ ಹೆಬ್ಬೆರಳ ಗುರುತು ಬೇಕೆಂದು ಭಗೀರಥ ಕೇಳಿದ. ಅವಳಿಗೆ ಪರದೆಗೆ ಚಪ್ಪಲಿ ಎಸೆಯುವಷ್ಟು ಸಿಟ್ಟು ಬಂತು. ಎಸೆಯಲಿಲ್ಲ, ಮನೆಗೆ ಹೋದಳು.

ಮನೆಯಲ್ಲಿ ಇನ್ನೊಂದು ಧರಣಿ ಕಾದಿತ್ತು. ಅತ್ತೆ ಹುಲಿಗೆವ್ವ ಅಕ್ಕಿ ತೊಳೆದ ನೀರಿನಲ್ಲಿ ತಪ್ಪಲೆ ತೊಳೆದು, ಆ ನೀರನ್ನು ತುಳಸಿಗೆ ಹಾಕುತ್ತಿದ್ದಳು. ನಲ್ಲಿಗೆ ಬೆಳಿಗ್ಗೆ ಎರಡು ಕೊಡ ಬಂದರೆ ಮುಗಿಯಿತು, ಅದರಲ್ಲೇ ಮೂರು ಜನರ ಸಂಸಾರ.

"ಏನ ಪಂಪವ್ವ, ಕೊಕ್ಕರಿ ಸಲುವಾಗಿ ಆಫೀಸಿನಾಗ ಜಗಳ ತಗದಿ ಅಂತ?" ಎಂದು ಶುರುಮಾಡಿದಳು. "ನಾ ತಲಿ ತೊಳಕೊಂಡು ಎಷ್ಟ್ ದಿನ ಆತು ಗೊತ್ತೈತೇನು? ಇಲ್ಲಿ ನಮಗ ಚರಿಗಿ ನೀರಿಲ್ಲ, ಅಲ್ಲಿ ಅವಕ್ಕ ಜಳಕಕ್ಕ ಸಮುದ್ರ ಬೇಕಾತು!"

"ಅದು ಉಪ್ಪುನೀರು ಅತ್ತೀ. ಇಂಗಿಸಿದ್ರೂ ನಲ್ಲಿಗೆ ಬರಾಕ ವರ್ಷಗಟ್ಲೆ ಬೇಕು."

"ಬರ್ತೈತೋ ಇಲ್ಲೋ? ಬರೂದಿದ್ರ ಬಿಡು ಮತ್ತ. ಅದಕ್ಕಂತನ ನಿಮ್ಮ ಮಾವ ಲಾಠಿ ಏಟು ತಿಂದ. ಈಗ ಸೊಸಿ ಬಂದು ಕೊಕ್ಕರಿ ಕಡೆ ವಕಾಲತ್ತು!"

ಗಂಡ ಯಂಕೋಬ ಉಪ್ಪು ತೆಗೆಯುವ ಘಟಕದಲ್ಲಿ ಕೆಲಸಗಾರ. ಹಬ್ಬ ಹುಣ್ಣಿಮೆಗೆ ಊರಿನ ಡೊಳ್ಳಿನ ಮೇಳಕ್ಕೆ ಮುಂದಾಳು. ಅವ್ವ ಮತ್ತು ಹೆಂಡತಿಯ ಮಾತಿನ ನಡುವೆ ಹೋಗಬಾರದೆಂಬಷ್ಟು ಬುದ್ಧಿ ಅವನಿಗಿತ್ತು. ರೊಟ್ಟಿ ಮುರಿಯುತ್ತ ಗೋಡೆ ನೋಡಿದ.

ಅತ್ತೆ ಹೇಳಿದ್ದು ಸುಳ್ಳೇನಲ್ಲ, ಅದೇ ಪಂಪಾವತಿಯ ಹೊಟ್ಟೆ ಉರಿಸಿದ್ದು. ಕೊನೆಗೆ ಅಂದಳು, "ನಾಳಿ ನನ್ನ ಜೋಡಿ ಬರ್ರಿ. ಒಂದ್ಸಲ ನೋಡ್ರಿ. ಆಮ್ಯಾಲ ಬೇಕಾದಷ್ಟು ಬೈರಿ."

ಮರುದಿನ ಹುಲಿಗೆವ್ವ ಬೈಯುತ್ತಲೇ ಗೋಪುರದ ಮೆಟ್ಟಿಲು ಹತ್ತಿದಳು. ಮೇಲೆ ಹೋಗಿ ನಿಂತು ಕಣ್ಣೆತ್ತಿದಳು. ನೀರು. ಕಣ್ಣು ಹಾಯುವವರೆಗೂ ನೀರು. ಅವಳ ಕೈ ತಾನಾಗಿ ಕೆನ್ನೆಗೆ ಹೋಯಿತು. ಆಮೇಲೆ ಪಂಪಾವತಿ ಕೊಟ್ಟ ದುರ್ಬೀನು ಕಣ್ಣಿಗೆ ಹಿಡಿದಳು. ನಡುಗಡ್ಡೆಯ ತುಂಬ ಮೊಣಕಾಲೆತ್ತರದ ಕೆಸರಿನ ಗುಡ್ಡೆಗಳು, ಒಂದೊಂದರ ಮೇಲೂ ಕಾಲು ಮಡಚಿ ಕುಳಿತ ಒಂದೊಂದು ಹಕ್ಕಿ.

"ಯವ್ವಾ! ಒಲಿ ಹೂಡ್ಯಾವಲ್ಲೇ!" ಅಂದಳು. "ನೋಡ, ಮಣ್ಣು ಮೆತ್ತಿ, ಅಂಚು ತಿದ್ದಿ, ಬರೋಬ್ಬರಿ ಒಲಿ. ಸಂಸಾರ ಹೂಡ್ಯಾವ ಇಲ್ಲಿ."

"ದೀಪಾವಳಿಗೆ ನೀರು ಇಳೀತೈತ್ರಿ."

ಹುಲಿಗೆವ್ವ ದುರ್ಬೀನು ಕೆಳಗಿಳಿಸಿದಳು. ಕಾಲುವೆ ಬತ್ತಿದಾಗ ಊರು ಬಿಟ್ಟು ಇಲ್ಲಿಗೆ ಬಂದವಳು ಅವಳು. ಬರುವಾಗ ಅತ್ತೆಯ ಕಾಲದ ಒಲೆಯನ್ನು ಒಡೆಯಲಾರದೆ ಹಾಗೇ ಬಿಟ್ಟುಬಂದವಳು.

"ಒಲಿ ಹೂಡಿದವ್ರನ್ನ ಎಬ್ಬಸಬಾರದು," ಎಂದಳು. "ಬಾಗಿನ ಕೊಟ್ಟುಬಿಡೂಣು. ಬಾಗಿನ ತಗೊಂಡ ನೀರು ಗಂಗವ್ವನ ಮನಿ. ಅದನ್ನ ನಿಮ್ಮ ಯಂತ್ರ ಮುಟ್ಟಂಗಿಲ್ಲ. ಧರಣಿಯಾಗ ನಾವು ಹೆಣ್ಮಕ್ಕಳು ಕುಂತು ಆ ಮಾತು ನಿಯಮದಾಗ ಬರೆಸೀವಿ. ಗಂಡಸರು ನಕ್ರು. ಮಳೀನ ಇಲ್ಲ, ಯಾವ ಬಾಗಿನ ಅಂತ."

ಪಂಪಾವತಿ ಆಫೀಸಿಗೆ ಓಡಿದಳು. ಖಾಜಾಹುಸೇನ್ ಸಾಹೇಬರು ಹಳೆಯ ನಿಯಮಗಳನ್ನು ಜಾಲಾಡಿದರು. ಇತ್ತು. ಬಾಗಿನ ಸ್ವೀಕರಿಸಿದ ನೀರನ್ನು ಕೆರೆಯೆಂದು ಪರಿಗಣಿಸತಕ್ಕದ್ದು, ಅದು ತಾನಾಗಿ ಬತ್ತುವವರೆಗೆ ಕೈ ಹಚ್ಚತಕ್ಕದ್ದಲ್ಲ. ಯಾರೂ ಅಳಿಸಿರಲಿಲ್ಲ. ಸಾಹೇಬರು ಮಕ್ಕಳ ಹಾಗೆ ಮೇಜು ಗುದ್ದಿದರು.

ಓಣಿಯ ಐವರು ಮುತ್ತೈದೆಯರು ಒಪ್ಪಿದರು. ಜೋಡಿ ಮೊರಗಳಲ್ಲಿ ಅರಿಶಿನ, ಕುಂಕುಮ, ಹಸಿರು ಬಳೆ, ಖಣ, ಬೇಳೆ, ಬೆಲ್ಲ, ತೆಂಗಿನಕಾಯಿ ಇಟ್ಟು ಸಿದ್ಧಮಾಡಿಕೊಟ್ಟವಳು ಹುಲಿಗೆವ್ವನೇ. ವಿಧವೆಯಾದ್ದರಿಂದ ಮುಂದೆ ಹೋಗಲಿಲ್ಲ, ದಂಡೆಯಲ್ಲಿ ದೂರ ನಿಂತಳು. ಪಂಪಾವತಿ ಮುಂದೆ ಕರೆದರೂ ಕೇಳಲಿಲ್ಲ. ಹೆಂಗಸರು ನಡುಗಡ್ಡೆಯಿಂದ ದೂರದ ತೆಂಕಣ ದಂಡೆಯಲ್ಲಿ ಸದ್ದಿಲ್ಲದೆ ನೀರಿಗಿಳಿದು ಮೊರ ತೇಲಿಬಿಟ್ಟು ಕೈಮುಗಿದರು. ಒಂದು ಹಕ್ಕಿಯೂ ತಲೆ ಎತ್ತಲಿಲ್ಲ. ಪಂಪಾವತಿ ಕೈಯಲ್ಲಿನ ಪರದೆ ನೋಡಿದಳು. ಭಗೀರಥ ನೋಡಿದ್ದ, ಷರಾ ಬರೆದಿದ್ದ: "ಕಸ: ಐದು."

ಅವಳು ಆವತ್ತು ಅತ್ತಳು. ದುಃಖಕ್ಕಲ್ಲ, ಸಿಟ್ಟಿಗೆ.

ಸಾಹೇಬರು ಕಾರಣ ಹುಡುಕಿ ತೆಗೆದರು. ಬಾಗಿನ ಅಂದರೆ ಏನೆಂದು ಭಗೀರಥನಿಗೆ ಕಲಿಸಲು ಯಾರೋ ಹಳೆಯ ಅಣೆಕಟ್ಟುಗಳ ವಿಡಿಯೊಗಳನ್ನು ತೋರಿಸಿದ್ದರು. ಅವುಗಳಲ್ಲೆಲ್ಲ ದೊಡ್ಡವರೇ ಬಾಗಿನ ಕೊಡುವವರು.

"ಅದು ಕಲ್ತದ್ದು ಅಷ್ಟ ನೋಡವ್ವಾ," ಎಂದರು. "ಶಾಸಕರು ಇರಬೇಕು. ಹಾರ ತುರಾಯಿ ಇರಬೇಕು. ಡೊಳ್ಳು ಇರಬೇಕು, ಮೈಕ್ ಇರಬೇಕು, ಸಾವಿರಾರು ಮಂದಿ ಇರಬೇಕು. ಅಂದ್ರ ಅದು ಬಾಗಿನ. ಇಲ್ಲಂದ್ರ ಕಸ."

"ಡೊಳ್ಳು ಬಡದ್ರ ಹಕ್ಕಿ ಎದ್ದು ಹೋಗ್ತಾವ ಸರ್! ಒಮ್ಮಿ ಬೆದರಿದ್ರ ಮೊಟ್ಟಿ ಬಿಟ್ಟ ಹೋಗ್ತಾವ!"

"ಡೊಳ್ಳು ಬಡೀದಿದ್ರ ನೀರು ಹೋಗ್ತೈತಿ," ಎಂದರು ಸಾಹೇಬರು. ಇಬ್ಬರೂ ಪರದೆ ನೋಡುತ್ತ ಕುಳಿತರು. ನೀರು ದಿನದಿಂದ ದಿನಕ್ಕೆ ತಿಳಿಯಾಗುತ್ತಿತ್ತು. ತಿಳಿನೀರು ಕಂಡು ಹೆದರುವ ಕಾಲವೂ ಬಂತಲ್ಲ ಎಂದುಕೊಂಡಳು ಪಂಪಾವತಿ.

ಮನೆಯಲ್ಲಿ ಇದನ್ನು ಹೇಳಿದಾಗ ಹುಲಿಗೆವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಿದಳು.

"ಅಲ್ಲ ಪಂಪವ್ವ, ಅದಕ್ಕ ಕಿವಿ ಎಲ್ಲೈತಿ? ಕಿವಿ ಬ್ಯಾಡ ಅಂತ ನಾವ ಬಡದಾಡಿದ್ದು. ಅದು ನೋಡ್ತೈತಿ, ಕೇಳಂಗಿಲ್ಲ. ಡೊಳ್ಳು ಬಡದಂಗ ಕಂಡ್ರ ಸಾಕಲ್ಲೇನು?"

ಯಂಕೋಬ ತುತ್ತು ಬಾಯಿಗಿಡುವುದನ್ನು ಮರೆತು ಕುಳಿತ. "ಡೊಳ್ಳನ್ನ ಸಪ್ಪಳಿಲ್ಲದ ಬಾರಿಸೂದಾ? ಯವ್ವಾ, ಅದಕಿಂತ ನನ್ನ ಕೈ ಕಟ್ಟಿಹಾಕು."

"ಕಟ್ಟಿಹಾಕಿದ್ರ ಬಾರಿಸಿದಂಗ ಕಾಣಂಗಿಲ್ಲೋ," ಎಂದಳು ಅವ್ವ.

ಊರನ್ನು ಒಪ್ಪಿಸಲು ಸಾಕುಬೇಕಾಯಿತು. ಸಮುದಾಯ ಭವನದಲ್ಲಿ ಸೇರಿದ ಜನ ಪಂಪಾವತಿಯನ್ನು ಮಾತೇ ಮುಗಿಸಗೊಡಲಿಲ್ಲ. ನಮ್ಮ ನಲ್ಲಿಯ ನೀರು ಹಕ್ಕಿಗೆ ಯಾಕೆ ಎಂದರು. ಹಕ್ಕಿ ಓಟು ಹಾಕುತ್ತದೇನು ಎಂದರು. ಅವಳು ಉಪ್ಪಿನ ಲೆಕ್ಕ ಹೇಳಿದಷ್ಟೂ ಗದ್ದಲ ಹೆಚ್ಚಿತು. ಆಗ ಹುಲಿಗೆವ್ವ ಎದ್ದು ಒಂದೇ ಮಾತು ಕೇಳಿದಳು: "ಇಲ್ಲಿ ಕುಂತವ್ರೊಳಗ ತುಂಬಿದ ಕೆರಿಗೆ ಬಾಗಿನ ಕೊಟ್ಟವ್ರು ಎಷ್ಟ್ ಮಂದಿ ಅದೀರಿ? ಕೈ ಎತ್ರಿ." ಎದ್ದದ್ದು ನಾಲ್ಕೈದು ಮುದಿ ಕೈ. ಉಳಿದವರು ಅತ್ತಿತ್ತ ನೋಡಿಕೊಂಡರು. ಹಕ್ಕಿಯ ಮೇಲಿನ ಪ್ರೀತಿಗೆ ಯಾರೂ ಒಪ್ಪಲಿಲ್ಲ, ಅದು ಪಂಪಾವತಿಗೂ ಗೊತ್ತು. ಜೀವಮಾನದಲ್ಲಿ ಒಮ್ಮೆಯಾದರೂ ಬಾಗಿನ ನೋಡಬೇಕೆಂಬ ಆಸೆಗೆ ಒಪ್ಪಿದರು. ಶಾಸಕರು ಫೋಟೊದ ಆಸೆಗೆ ಒಪ್ಪಿದರು. ಮೈಕಿಗೆ ವೈರು ಇರುವುದಿಲ್ಲ ಎಂದಾಗ ಮಾತ್ರ ಅವರ ಮುಖ ಸಣ್ಣದಾಯಿತು.

ಆಮೇಲಿನ ದಿನಗಳಲ್ಲಿ ಉಪ್ಪಿನಾಳ ಸದ್ದಿಲ್ಲದಿರುವುದನ್ನು ಕಲಿಯಿತು. ನಮ್ಮ ಜನಕ್ಕೆ ಬೇರೆ ಏನು ಬೇಕಾದರೂ ಕಲಿಸಬಹುದು, ಇದೊಂದು ಕಷ್ಟ. ಯಂಕೋಬನ ಮೇಳದವರು ಕೋಲು ಬೀಸಿ ಚರ್ಮಕ್ಕೆ ತಾಗುವ ಮುಂಚೆ ತಡೆಯುವುದನ್ನು ಅಭ್ಯಾಸ ಮಾಡಿದರು. ಹತ್ತು ಸಲ ತಡೆದರೆ ಹನ್ನೊಂದನೆಯದು ಢಮ್ಮೆನ್ನುತ್ತಿತ್ತು. ಕೊನೆಗೆ ಡೊಳ್ಳಿನ ಬಾಯಿಗೆ ಕಂಬಳಿ ಬಿಗಿದು, ಮೇಲೆ ಚರ್ಮದ ಬಣ್ಣ ಹಚ್ಚಿದರು. ಅಳುವ ಕೂಸುಗಳು ಮನೆಯಲ್ಲಿ, ಫೋನುಗಳು ಮನೆಯಲ್ಲಿ, ಗಾಡಿಗಳು ದೂರದ ದಿಬ್ಬದಾಚೆ. ಕಾಲಂದುಗೆ ಬಿಚ್ಚಿಡಬೇಕು, ಬಳೆಗೆ ದಾರ ಸುತ್ತಬೇಕು. ಪಂಪಾವತಿ ಬಾಗಿಲು ಬಾಗಿಲಿಗೆ ಹೋಗಿ ಹೇಳಿದಳು, ಹೇಳಿದ್ದನ್ನೇ ಹೇಳಿ ಬೈಸಿಕೊಂಡಳು. ಅಷ್ಟರಲ್ಲಿ ನಡುಗಡ್ಡೆಯಲ್ಲಿ ಗೂಡಿಗೊಂದು ಮೊಟ್ಟೆ ಕಾಣಿಸಿಕೊಂಡಿತ್ತು.

ಬಾಗಿನದ ಬೆಳಿಗ್ಗೆ ತೆಂಕಣ ದಂಡೆಗೆ ಇಡೀ ಊರು ನಡೆದು ಬಂತು. ಅಂಥದ್ದನ್ನು ಪಂಪಾವತಿ ಮತ್ತೆ ನೋಡಲಿಲ್ಲ. ಸಾವಿರಾರು ಜನ, ಹೊಸ ಸೀರೆ, ಹೊಸ ಪಟಕ, ಕುಣಿಯುವ ಡೊಳ್ಳಿನ ಸಾಲು, ಬೀಸುವ ಕೋಲುಗಳು, ಮತ್ತು ಸದ್ದೇ ಇಲ್ಲ. ಕಾಲಡಿಯ ಉಪ್ಪು ನುರಿಯುವ ದನಿಯೊಂದೇ. ಯಂಕೋಬ ಬೆವರು ಸುರಿಸಿಕೊಂಡು, ಹಲ್ಲು ಕಚ್ಚಿಕೊಂಡು ಕುಣಿದ. ಶಾಸಕರು ಕೈಯೆತ್ತಿ, ಎದೆ ತಟ್ಟಿ, ಬರೀ ತುಟಿಯಲ್ಲಿ ಭಾಷಣ ಮಾಡಿದರು. ಅವರ ಭಾಷಣಗಳಲ್ಲೆಲ್ಲ ಅದೇ ಒಳ್ಳೆಯದು ಎಂದು ಜನ ಈಗಲೂ ಹೇಳುತ್ತಾರೆ. ದೂರದ ನಡುಗಡ್ಡೆಯಲ್ಲಿ ನಸುಗೆಂಪು ಗೆರೆ ಅಲುಗಾಡದೆ ಕೂತಿತ್ತು.

ಪಂಪಾವತಿಯ ಕೈಯಲ್ಲಿನ ಪರದೆಯ ಮೇಲೆ ಷರಾ ಬದಲಾಯಿತು: "ಪರಿಶೀಲನೆಯಲ್ಲಿ." ಮುತ್ತೈದೆಯರು ಸೊಂಟದವರೆಗೆ ನೀರಿಗಿಳಿದರು. ಮೊರಗಳು ಒಂದೊಂದಾಗಿ ತೇಲಿದವು.

ಹುಲಿಗೆವ್ವ ಎಲ್ಲರ ಹಿಂದೆ ನಿಂತಿದ್ದಳು. ಮೊರ ಮುಟ್ಟುವಂತಿಲ್ಲ, ಅರಿಶಿನ ಮುಟ್ಟುವಂತಿಲ್ಲ. ನೀರಿನ ಅಂಚಿಗೆ ಮಾತ್ರ ಬಂದು, ಸೀರೆ ಎತ್ತಿ, ಕಾಲಿಟ್ಟಳು. ಗಾಳಿ ಬೀಸಿತು. ಒಂದು ತೆರೆ ಬಂದು ಮೊಣಕಾಲಿನವರೆಗೆ ಅವಳನ್ನು ತೋಯಿಸಿತು. ಎಷ್ಟು ವರ್ಷವಾಗಿತ್ತೋ, ಚರಿಗೆಯಿಂದ ಸುರಿದುಕೊಳ್ಳದ ನೀರು, ತಾನಾಗಿ ಬಂದು ಮುಟ್ಟುವ ನೀರು. ಅವಳಿಗೆ ದುರುಗಪ್ಪ ನೆನಪಾದನೋ, ಬಿಟ್ಟುಬಂದ ಹೊಲ ನೆನಪಾಯಿತೋ, ಅವಳೇ ಹೇಳಬೇಕು. ಎರಡೂ ಕೈ ಮೇಲೆ ಹೋದವು.

"ಉಧೋ!" ಎಂದಳು. "ಉಧೋ, ನನ್ನವ್ವ, ಉಧೋ!"

ದೇವಿಯನ್ನು ಕರೆಯುವ ಆ ಕೂಗಿಗೆ ಓಗೊಡದೆ ಇರುವುದನ್ನು ಈ ಸೀಮೆಯ ನಾಲಿಗೆಗೆ ಯಾರೂ ಕಲಿಸಿಲ್ಲ. ಹೊಟ್ಟೆಯಲ್ಲಿದ್ದಾಗಿನಿಂದ ಕೇಳಿಕೊಂಡು ಬಂದದ್ದು ಅದು. ಅಷ್ಟೂ ದಿನದ ಅಭ್ಯಾಸ ಒಂದೇ ಉಸಿರಿಗೆ ಹೋಯಿತು. ಸಾವಿರಾರು ಗಂಟಲು ಒಮ್ಮೆಗೇ ಬಿಚ್ಚಿಕೊಂಡವು: "ಉಧೋ! ಉಧೋ!" ಯಂಕೋಬ ಕಂಬಳಿ ಕಿತ್ತೆಸೆದು ಡೊಳ್ಳಿಗೆ ಕೋಲು ಹಾಕಿದ. ಬ್ಯಾಡ್ರೀ, ಬ್ಯಾಡ್ರೀ ಎಂದು ಪಂಪಾವತಿ ಕಿರುಚಿದ್ದು ಅವಳಿಗೇ ಕೇಳಿಸಲಿಲ್ಲ.

ನಡುಗಡ್ಡೆ ಮೇಲೆದ್ದಿತು. ಮೊದಲು ಒಂದು ಅಂಚು, ಆಮೇಲೆ ಇಡೀ ಗೆರೆ. ರೆಕ್ಕೆ ಬಿಚ್ಚಿದಾಗ ಅವುಗಳ ಒಳಗಿನ ಕೆಂಪು ಆಕಾಶಕ್ಕೆಲ್ಲ ಹತ್ತಿಕೊಂಡಿತು. ಜನ ಇನ್ನೂ ಜೋರಾಗಿ ಕೂಗಿದರು. ಅವರಿಗೆ ಅದು ದೇವಿಯೇ ಒಪ್ಪಿಕೊಂಡ ಗುರುತಾಗಿ ಕಂಡಿತು. ಹಕ್ಕಿಗಳು ಒಂದು ಸುತ್ತು ಬಂದು ಪಡುವಣಕ್ಕೆ ತಿರುಗಿ, ಸಣ್ಣದಾಗುತ್ತ ಹೋಗಿ, ಕಾಣದಾದವು.

ಪರದೆ ಮಿನುಗಿತು. "ಬಾಗಿನ ಸ್ವೀಕೃತ. ಕೆರೆ."

ಅದರ ಕೆಳಗೆ ಇನ್ನೊಂದು ಸಾಲು: "ಕಸ: ಇಲ್ಲ."

ಅತ್ತೆಯ ಮೇಲೆ ಅವಳಿಗೆ ಬಂದ ಸಿಟ್ಟು ಹೇಳತೀರದು. ಹುಲಿಗೆವ್ವ ನೀರಿನ ಅಂಚಿನಲ್ಲೇ ಕುಸಿದು ಕೂತಿದ್ದಳು. ಬಾಯಿಗೆ ಸೆರಗು ಒತ್ತಿಕೊಂಡು ಆಕಾಶ ನೋಡುತ್ತಿದ್ದಳು. ಪಂಪಾವತಿ ಅವಳನ್ನು ಹಿಡಿದೆಬ್ಬಿಸಿದಳು. ಬೈಯಬೇಕೆಂದು ತುದಿನಾಲಿಗೆಗೆ ಬಂದದ್ದನ್ನು ನುಂಗಿಕೊಂಡಳು. ತೋಳು ಹಿಡಿದು ಮನೆಗೆ ನಡೆಸಿಕೊಂಡು ಬಂದಳು.

ಎರಡು ದಿನ ಗೋಪುರದ ಕ್ಯಾಮೆರಾದಲ್ಲಿ ಕಾಗೆ ಹದ್ದುಗಳು ಗೂಡಿನಿಂದ ಗೂಡಿಗೆ ನಡೆಯುವುದನ್ನು ಪಂಪಾವತಿ ನೋಡಿದಳು. ಮೂರನೆಯ ದಿನ ಅವೂ ಬರಲಿಲ್ಲ, ತಿನ್ನಲು ಏನೂ ಉಳಿದಿರಲಿಲ್ಲ. ಊರು ಆಗ ಎಚ್ಚೆತ್ತಿತು. ಬಾಗಿನದ ಗುಂಗು ಇಳಿದ ಮೇಲೆ ಬಾವಿಗಳ ಮಾತು ಬಂತು. ಹಕ್ಕಿ ಹೋಯಿತಲ್ಲ, ಈಗಲಾದರೂ ನೀರು ಇಂಗಿಸಿ ಎಂದು ಜನ ಆಫೀಸಿನ ಮುಂದೆ ಬಂದು ನಿಂತರು. ಖಾಜಾಹುಸೇನ್ ಸಾಹೇಬರು ನಿಯಮ ಓದಿ ಹೇಳಿದರು. ಒಮ್ಮೆ ಕೆರೆ ಎಂದರೆ ಕೆರೆ. ಕೊಟ್ಟ ಬಾಗಿನವನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಎಲ್ಲಿಯಾದರೂ ಉಂಟೇ?

"ಹಕ್ಕಿನೂ ಇಲ್ಲ, ನೀರೂ ಇಲ್ಲ. ಛಲೋ ಮಾಡಿದಿ ಪಂಪವ್ವ," ಎಂದು ಎದುರುಮನೆಯಾಕೆ ಹಾಡಹಗಲೇ ಕೈ ತಟ್ಟಿ ಅಂದಳು. ಪಂಪಾವತಿ ತಲೆ ತಗ್ಗಿಸಿ ಒಳಗೆ ಬಂದಳು. ಅವಳಿಗೆ ಎಲ್ಲರ ಮೇಲೂ ರೋಸಿಹೋಗಿತ್ತು. ನೋಡಬಲ್ಲ, ತಿಳಿಯಲಾರದ ಯಂತ್ರದ ಮೇಲೆ. ಗುಂಡಿ ಬೇಡವೆಂದ ಮಾವನ ಮೇಲೆ. ಸುಮ್ಮನಿರಲಾರದ ಊರಿನ ಮೇಲೆ. ಮೂವರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯೇ ಇದ್ದರು, ಅದಕ್ಕೇ ಯಾರ ಜುಟ್ಟು ಹಿಡಿಯಬೇಕೋ ತಿಳಿಯದಾಯಿತು.

ಎಲ್ಲಕ್ಕಿಂತ ಕಷ್ಟವಾದದ್ದು ಮನೆ. ಹುಲಿಗೆವ್ವ ಮಾತು ಬಿಟ್ಟಿದ್ದಳು. ನಲ್ಲಿಯ ನೀರು ಸದ್ದು ಮಾಡದಂತೆ ಕೊಡಕ್ಕೆ ಬಟ್ಟೆ ಹಾಕಿ ಹಿಡಿಯುತ್ತಿದ್ದಳು. ಪಾತ್ರೆ ಇಡುವಾಗಲೂ ಕೈ ಅಡ್ಡ ಇಟ್ಟು ಇಡುತ್ತಿದ್ದಳು. ಸಂಜೆ ಪಂಪಾವತಿ ಬಾಗಿಲಿಗೆ ಬಂದಾಗ ಮುಖ ನೋಡಿ, ಹಕ್ಕಿ ಬಂದವೇ ಎಂದು ಕಣ್ಣಿನಲ್ಲೇ ಕೇಳುತ್ತಿದ್ದಳು. ಪಂಪಾವತಿ ತಲೆಯಾಡಿಸುತ್ತಿದ್ದಳು: ಇಲ್ಲ. ಅಷ್ಟೇ ಅವರಿಬ್ಬರ ದಿನದ ಮಾತು. ಒಮ್ಮೆ ಯಂಕೋಬ, "ಒಂದ್ ಸುಳ್ಳು ಹೇಳಿದ್ರ ಏನ್ ಗಂಟು ಹೋಗ್ತೈತಿ? ಬಂದಾವ ಅಂತ ಹೇಳ," ಎಂದ. ಅವಳಿಗೂ ಹಾಗೆ ಅನ್ನಿಸಿತ್ತು. ಆದರೆ ಮುದುಕಿ ಗೋಪುರ ಹತ್ತಿ ನೋಡಿಯೇ ನೋಡುತ್ತಾಳೆ, ಆಗ ಏನು ಮಾಡುವುದು ಎಂದು ಬಿಟ್ಟಳು.

ದೀಪಾವಳಿ ಬಂತು, ಹೋಯಿತು. ಇಂಗುಬಾವಿಗಳ ಮುಚ್ಚಳಗಳು ಮುಚ್ಚಿಯೇ ಇದ್ದವು. ಕೆರೆ ತುಂಬು ಕೆರೆಯಾಗಿ, ತಿಳಿಯಾಗಿ, ಯಾರಿಗೂ ಬೇಡವಾಗಿ ಬಿದ್ದಿತ್ತು. ಬಿಸಿಲು ಅಂಚಿನಿಂದ ಅಷ್ಟಷ್ಟೇ ನೆಕ್ಕುತ್ತಿತ್ತು. ಪಂಪಾವತಿ ಕೆಲಸಕ್ಕೆ ಹೋಗಿ ಕೂರುತ್ತಿದ್ದಳು, "ಕಸ: ಇಲ್ಲ" ಎಂಬ ಷರಾ ಓದಿ ಮನೆಗೆ ಬರುತ್ತಿದ್ದಳು. ತನ್ನ ಜನ್ಮದಲ್ಲಿ ಕಸಕ್ಕಾಗಿ ಇಷ್ಟು ಹಂಬಲಿಸುತ್ತೇನೆಂದು ಅವಳು ಎಣಿಸಿರಲಿಲ್ಲ.

ಕಾರ್ತೀಕದ ಒಂದು ದಿನ ಚಹಾ ಕುಡಿದು ಬಂದು ಕೂತಾಗ ಆ ಷರಾ ಇರಲಿಲ್ಲ, ಬರೀ "ಕಸ" ಎಂದಿತ್ತು. ಅವಳು ಕಣ್ಣುಜ್ಜಿಕೊಂಡಳು. ಚಿತ್ರ ಹಿಗ್ಗಿಸಿದಳು. ನಡುಗಡ್ಡೆಯ ಒಂದು ಮೂಲೆಯಲ್ಲಿ ನಸುಗೆಂಪು. ಮೊದಲಿನ ಅರ್ಧವೂ ಇಲ್ಲ, ಕಾಲು ಭಾಗವೂ ಇಲ್ಲ. ಆದರೆ ಇದೆ. ಒಂದು ಹಂಸ ಹಳೆಯ ಗೂಡಿನ ಒಡೆದ ಅಂಚಿಗೆ ಕೊಕ್ಕಿನಿಂದ ಹಸಿ ಕೆಸರು ಮೆತ್ತುತ್ತಿತ್ತು. ನೀರು ಇದ್ದದ್ದಕ್ಕೆ ಬಂದಿದ್ದವು. ಇಂಗಿಹೋಗಿದ್ದರೆ ತಿರುಗಿ ಬರಲು ಅಲ್ಲಿ ಏನೂ ಇರುತ್ತಿರಲಿಲ್ಲ. ಈಗ ಮೊದಲಿನಿಂದ ಶುರು: ಮೊಟ್ಟೆ, ಮರಿ, ರೆಕ್ಕೆ. ಬೇಸಿಗೆಯ ಬಾಯಿಗೆ ಬೀಳುವುದರೊಳಗೆ ಹಾರಿಯಾವೋ ಇಲ್ಲವೋ. ಬಿಸಿಲಿಗೂ ಭಗೀರಥನ ಹಾಗೆಯೇ ಫೋನ್ ನಂಬರು ಇಲ್ಲ.

ಅವಳು ಮನೆಗೆ ಕರೆ ಮಾಡಿದಳು. ಆಚೆ ಫೋನು ಎತ್ತಿಕೊಂಡ ಸದ್ದು ಬಂತು, ಮಾತು ಬರಲಿಲ್ಲ. ಹುಲಿಗೆವ್ವನೇ ಇರಬೇಕು.

"ಅತ್ತೀ!" ಪಂಪಾವತಿಯ ದನಿ ಕೊಠಡಿಯ ತುಂಬ ಹರಡಿತು. "ಅತ್ತೀ, ಕಸ ಬಂದೈತ್ರೀ! ಕೆರಿಯಾಗ ಕಸ ಬಂದೈತಿ! ಒಲಿ ಮೆತ್ತಾಕ ಹತ್ಯಾವ!"

ನಡುಗಡ್ಡೆಗೆ ಅಷ್ಟು ದೂರದ ಊರಿನಿಂದ, ಅಡುಗೆಮನೆಯ ಮೂಲೆಯಿಂದ, ಮುದುಕಿ ಉಸಿರಿಗಿಂತ ಮೆಲ್ಲಗೆ ಅಂದಳು:

"ಸಣ್ಣಗ ಮಾತಾಡ ನನ್ನವ್ವ. ಎದ್ದು ಹೋದಾವು."